ನಾಲ್ಕು ದಿನದಲ್ಲಿ ಆರು ಕ್ಷೇತ್ರ

ಕತೆ, ಕವಿತೆ, ನಾಟಕಗಳನ್ನು ವಿಮರ್ಶಿಸುವವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಯಾತ್ರೆಯನ್ನು ವಿಮರ್ಶಿಸುವವರು ಕಡಿಮೆ. ಹೋಗಿ ಬಂದವರು ‘ಚೆನ್ನಾಗಿತ್ತು’ ಎನ್ನುತ್ತಾರೆ, ತಂದ ಎಣ್ಣೆಯನ್ನೋ ಜಪಸರವನ್ನೋ ಅಕ್ಕಪಕ್ಕದವರಿಗೆ ಹಂಚುತ್ತಾರೆ, ಅಲ್ಲಿಗೆ ಮುಗಿಯಿತು. ದೇವರ ಕೆಲಸವನ್ನು ಟೀಕಿಸಬಾರದು ಎಂಬ ಅಂಜಿಕೆ ಇದಕ್ಕೆ ಕಾರಣವಿರಬಹುದು. ಆದರೆ ಯಾತ್ರೆಗೂ ಆದಿ, ಮಧ್ಯ, ಅಂತ್ಯ ಎಂಬುದಿದೆ. ಅದರಲ್ಲಿ ಪಾತ್ರಗಳಿವೆ, ಅದಕ್ಕೊಂದು ಭಾಷೆ ಇದೆ, ಅದು ಹೇಳಬೇಕಾದ ಕತೆ ಇದೆ. ಆದ್ದರಿಂದ ಅದನ್ನೂ ಒಂದು ಕೃತಿಯಂತೆ ಓದಿ ಗುಣದೋಷಗಳನ್ನು ಹೇಳಬಹುದು ಎಂದು ನನಗೆ ಅನ್ನಿಸಿದೆ. ಯಾರ ಭಕ್ತಿಯನ್ನೂ ಅಳೆಯುವ ತಕ್ಕಡಿ ನನ್ನ ಕೈಯಲ್ಲಿಲ್ಲ. ಆ ಭಕ್ತಿಗೆ ನಾವು ಈಗ ಕೊಡುತ್ತಿರುವ ರೂಪವನ್ನು ಕುರಿತು ಮಾತ್ರ ಇಲ್ಲಿ ನಾಲ್ಕು ಮಾತು.

ನಾನಿರುವುದು ಬೆಂಗಳೂರಿನ ಉತ್ತರ ಭಾಗದ ಶೆಟ್ಟಿಹಳ್ಳಿಯಲ್ಲಿ. 1950ರ ದಶಕದಲ್ಲಿ ಜಾಲಹಳ್ಳಿಗೆ ಎಚ್.ಎಂ.ಟಿ., ಬಿ.ಇ.ಎಲ್. ಕಾರ್ಖಾನೆಗಳು ಬಂದ ಮೇಲೆ ಸುತ್ತಲ ಹಳ್ಳಿಗಳಲ್ಲಿ ನಾನಾ ಕಡೆಯ ಜನ ನೆಲೆನಿಂತರು. ಆಮೇಲೆ ಪೀಣ್ಯದ ಕೈಗಾರಿಕೆಗಳೂ ಗಾರ್ಮೆಂಟ್ಸೂ ಇನ್ನಷ್ಟು ಜನರನ್ನು ಕರೆತಂದವು. ಹೀಗಾಗಿ ನಮ್ಮ ಕಡೆಯ ಕ್ರೈಸ್ತರಲ್ಲಿ ಹಾಸನ, ಕನಕಪುರದ ಕಡೆಯ ಕನ್ನಡದವರು, ಕೋಲಾರದ ಚಿನ್ನದ ಗಣಿಯಿಂದ ಬಂದ ತಮಿಳರು, ಮಂಗಳೂರಿನ ಕೊಂಕಣಿಯವರು, ಕೇರಳದವರು ಎಲ್ಲರೂ ಇದ್ದಾರೆ. ಇವರೆಲ್ಲ ಕೂಡಿ ವರ್ಷಕ್ಕೊಮ್ಮೆ ಬಸ್ಸು ಮಾಡಿಕೊಂಡು ಹೊರಡುವುದುಂಟು, ಸಾಮಾನ್ಯವಾಗಿ ವೇಳಾಂಕಣ್ಣಿಗೆ. ಎರಡು ವರ್ಷದ ಹಿಂದೆ ಏಪ್ರಿಲ್ ರಜೆಯಲ್ಲಿ ಮಾತ್ರ ‘ಈ ಸಲ ನಮ್ಮ ರಾಜ್ಯದ ಕ್ಷೇತ್ರಗಳನ್ನೇ ನೋಡೋಣ’ ಎಂದು ತೀರ್ಮಾನವಾಯಿತು. ನಾನು ಸಂತೋಷದಿಂದ ಹೆಸರು ಬರೆಸಿದೆ. ನಾಲ್ಕು ದಿನ, ಮೂರು ರಾತ್ರಿ, ಆರು ಕ್ಷೇತ್ರ: ಶಿವಾಜಿನಗರದ ಬೆಸಿಲಿಕಾ, ಹಾಸನದ ಹತ್ತಿರದ ಶೆಟ್ಟಿಹಳ್ಳಿಯ ಹಳೆಯ ಚರ್ಚು, ಕಾರ್ಕಳದ ಅತ್ತೂರು, ಮಂಗಳೂರು, ಮೈಸೂರು, ಡೋರ್ನಹಳ್ಳಿ. ಪಟ್ಟಿ ನೋಡಿದ ನೆರೆಮನೆಯವರೊಬ್ಬರು, “ಶೆಟ್ಟಿಹಳ್ಳಿಯಿಂದ ಶೆಟ್ಟಿಹಳ್ಳಿಗೆ ಹೋಗೋಕೆ ಇಷ್ಟು ದುಡ್ಡಾ ಟೀಚರಮ್ಮ?” ಎಂದು ನಕ್ಕರು.

ಮೊದಲು ಈ ಯಾತ್ರೆಯ ಕಥಾವಸ್ತುವನ್ನು ನೋಡೋಣ. ಅದರಲ್ಲಿ ಬಡತನವೇನೂ ಇಲ್ಲ. ನಿಜಕ್ಕೂ ಇಷ್ಟು ಶ್ರೀಮಂತ ವಸ್ತು ಸಿಗುವುದು ಅಪರೂಪ.

ಶಿವಾಜಿನಗರದ ಕಾಣಿಕೆ ಮಾತೆಯ ಗುಡಿಯನ್ನೇ ತೆಗೆದುಕೊಳ್ಳಿ. ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಫ್ರಾನ್ಸಿನ ಪಾದ್ರಿ ಅಬ್ಬೆ ದ್ಯುಬುವಾ ಅಲ್ಲೊಂದು ಚಿಕ್ಕ ಪ್ರಾರ್ಥನಾಲಯ ಕಟ್ಟಿಸಿದರು. ಈಗಿನ ಎತ್ತರದ ಗೋಪುರದ ಕಟ್ಟಡ ಪೂರ್ಣಗೊಂಡು ಪ್ರತಿಷ್ಠೆಯಾದದ್ದು 1882ರಲ್ಲಿ. 1973ರಲ್ಲಿ ಅದಕ್ಕೆ ಬೆಸಿಲಿಕಾ ಪದವಿ ಬಂತು. ದ್ಯುಬುವಾ ಸಾಮಾನ್ಯ ಮನುಷ್ಯರಲ್ಲ. ಮೈಸೂರು ಸೀಮೆಯಲ್ಲಿ ನಮ್ಮವರಂತೆಯೇ ಉಟ್ಟು, ಉಂಡು, ಓಡಾಡಿದವರು. ಸಿಡುಬಿಗೆ ದೇವಿ ಹಾಕಿಸಲು ಜನರನ್ನು ಒಪ್ಪಿಸಿದವರು. ಹಿಂದೂಗಳ ಆಚಾರ ವಿಚಾರಗಳ ಮೇಲೆ ಅವರು ಒಪ್ಪಿಸಿದ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ ಕೊಂಡು 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿತು. ಆ ಪುಸ್ತಕದ ಬಹುಭಾಗ ಅವರಿಗಿಂತ ಹಿಂದಿನ ಪಾದ್ರಿಯೊಬ್ಬರ ಬರಹದಿಂದ ಎತ್ತಿದ್ದು ಎಂದು ವಿದ್ವಾಂಸರು ಈಚೆಗೆ ತೋರಿಸಿಕೊಟ್ಟಿದ್ದಾರೆ. 1823ರಲ್ಲಿ ಅವರು ತಮ್ಮ ದೇಶಕ್ಕೆ ಹಿಂದಿರುಗಿದಾಗ ಹೇಳಿದ ಮಾತು ಇನ್ನೂ ವಿಚಿತ್ರ. ಈ ದೇಶದ ಜನರನ್ನು ಮತಾಂತರಿಸುವುದು ಆಗದ ಕೆಲಸ ಎಂದು ಬರೆದರು! ಅವರಿಟ್ಟ ಅಡಿಪಾಯದ ಮೇಲೆ ಈಗ ಸೆಪ್ಟೆಂಬರ್ 8ರ ಹಬ್ಬಕ್ಕೆ ಎಲ್ಲ ಮತದವರೂ ಕಾವಿಯುಟ್ಟು ಬಂದು, ಸೀರೆಯುಟ್ಟ ಮಾತೆಯ ತೇರು ನೋಡಿ ಕೈಮುಗಿಯುತ್ತಾರೆ. ಇದು ಸೋಲೋ ಗೆಲುವೋ ಎಂದು ಒಂದು ಗಂಟೆ ಕೂತು ಯೋಚಿಸಬಹುದಾದ ಸಂಗತಿ. ನಾವು ಅಲ್ಲಿ ಬೆಳಗಿನ ಐದೂವರೆಗೆ ಹೋಗಿ, ಆಶೀರ್ವಾದ ಪಡೆದು, ಆರಕ್ಕೆ ಬಸ್ಸು ಹತ್ತಿದೆವು.

ಇನ್ನು ಸ್ಥಳಪುರಾಣಗಳು. ಡೋರ್ನಹಳ್ಳಿ ಕೃಷ್ಣರಾಜನಗರದ ಕಡೆಯ ಹಳ್ಳಿ. ರೈತನೊಬ್ಬ ಹೊಲ ಉಳುವಾಗ ನೇಗಿಲಿಗೆ ಸಂತ ಅಂತೋಣಿಯವರ ಮರದ ಮೂರ್ತಿ ಸಿಕ್ಕಿತೆಂದು ಅಲ್ಲಿಯ ಕತೆ. ಅತ್ತೂರಿನಲ್ಲಿ ಸಂತ ಲಾರೆನ್ಸರ ಚಿಕ್ಕ ಮೂರ್ತಿಯನ್ನು ಹೊತ್ತು ಗುಡಿಗೆ ಜಾಗ ಹುಡುಕುತ್ತಿದ್ದವರು ದಣಿದು ಅದನ್ನು ನೆಲಕ್ಕಿಟ್ಟರಂತೆ, ಮತ್ತೆ ಎತ್ತಲು ಹೋದರೆ ಏಳಲಿಲ್ಲವಂತೆ. ವೇಳಾಂಕಣ್ಣಿಯಲ್ಲಿ ಹಾಲು ಹೊತ್ತು ಹೊರಟ ಹುಡುಗನ ಹತ್ತಿರ ಕೂಸನ್ನೆತ್ತಿಕೊಂಡ ತಾಯಿಯೊಬ್ಬಳು ಹಾಲು ಕೇಳಿದಳು, ಆಮೇಲೆ ನೋಡಿದರೆ ಮಡಕೆ ತುಂಬಿತ್ತು.

ಈ ಮೂರೂ ಕತೆಗಳನ್ನು ಕೇಳಿದ ಯಾವ ಕನ್ನಡದ ಮಗುವಿಗಾದರೂ ‘ಇದು ನಮಗೆ ಗೊತ್ತು’ ಎನ್ನಿಸದೆ ಇರುವುದಿಲ್ಲ. ನೇಗಿಲ ತುದಿಗೆ ಸಿಕ್ಕ ದೇವರು ನಮ್ಮ ಎಷ್ಟು ಊರುಗಳಲ್ಲಿಲ್ಲ! ನೆಲಕ್ಕಿಟ್ಟ ಮೇಲೆ ಏಳದ ಮೂರ್ತಿ ಎಂದೊಡನೆ ಗೋಕರ್ಣದ ಆತ್ಮಲಿಂಗ ನೆನಪಾಗುತ್ತದೆ. ಹಾಲಿನ ಪವಾಡವಂತೂ ಹುತ್ತಕ್ಕೆ ಹಾಲು ಕರೆಯುವ ಹಸುವಿನ ಕತೆಯ ಒಡಹುಟ್ಟು. ದೇವರುಗಳು ಬೇರೆ ಬೇರೆ ದೇಶದಿಂದ ಬಂದಿರಬಹುದು. ಪಾದುವಾದ ಅಂತೋಣಿಯವರು ಪೋರ್ಚುಗಲ್ಲಿನಲ್ಲಿ ಹುಟ್ಟಿ ಇಟಲಿಯಲ್ಲಿ ತೀರಿಕೊಂಡವರು, ಲಾರೆನ್ಸರು ಮೂರನೆಯ ಶತಮಾನದ ರೋಮಿನವರು. ಆದರೆ ಅವರು ಇಲ್ಲಿ ನೆಲೆ ನಿಲ್ಲುವುದಕ್ಕೆ ನಮ್ಮ ರೈತ, ನಮ್ಮ ದನಗಾಹಿ, ನಮ್ಮ ಮಣ್ಣು ಬೇಕಾಯಿತು. ಅತ್ತೂರಿನ ಕೊಳಕ್ಕೆ ಜನ ಪುಷ್ಕರಿಣಿ ಎಂದೇ ಹೆಸರಿಟ್ಟಿದ್ದಾರೆ. ಹೊರಗಿನಿಂದ ತಂದು ಹೇರಿದ್ದು ಎಂದು ಯಾರಾದರೂ ನಮ್ಮ ಧರ್ಮವನ್ನು ಆಡಿಕೊಂಡರೆ ನಾನು ವಾದಕ್ಕೆ ಹೋಗುವುದಿಲ್ಲ. ಈ ಕತೆಗಳನ್ನು ಹೇಳುತ್ತೇನೆ. ಕನ್ನಡದ ಕ್ರೈಸ್ತರಿಗೆ ಇವು ಪಟ್ಟೆ ಪಹಣಿ ಇದ್ದ ಹಾಗೆ.

ಇಂಥ ಕತೆಗಳನ್ನು ನಮ್ಮ ಸಾಮೂಹಿಕ ಯಾತ್ರೆ ಏನು ಮಾಡಿತು? ನನ್ನ ಮೊದಲನೆಯ ಆಕ್ಷೇಪಣೆ ಇಲ್ಲಿದೆ. ನಮ್ಮ ಕೈಗೆ ಕೊಟ್ಟಿದ್ದ ಎರಡು ಮಗ್ಗುಲಿನ ಹಾಳೆಯಲ್ಲಿ ಡೋರ್ನಹಳ್ಳಿಯ ಕೆಳಗೆ ‘2019ರಲ್ಲಿ ಬೆಸಿಲಿಕಾ’ ಎಂದಿತ್ತು. ಅತ್ತೂರಿನ ಕೆಳಗೆ ‘2016ರಲ್ಲಿ ಬೆಸಿಲಿಕಾ’ ಎಂದಿತ್ತು. ಮುಂದೆ ಊಟದ ಸಮಯ, ಕೊಠಡಿಯ ವಿವರ. ನೇಗಿಲೂ ಇಲ್ಲ, ಮೂರ್ತಿ ಹೊತ್ತವರ ದಣಿವೂ ಇಲ್ಲ. ಪದವಿ ರೋಮಿನಿಂದ ಬಂತು, ನಿಜ. ಆ ಪದವಿ ಬರುವುದಕ್ಕೆ ಮುಂಚೆ ನೂರಾರು ವರ್ಷ ಆ ಜಾಗವನ್ನು ಕ್ಷೇತ್ರವಾಗಿ ಉಳಿಸಿಕೊಂಡು ಬಂದವರು ಹರಕೆ ಹೊತ್ತ ಹೆಂಗಸರು, ಬಂಡಿ ಕಟ್ಟಿಕೊಂಡು ಬಂದ ರೈತರು. ಅವರಲ್ಲಿ ಎಷ್ಟೋ ಜನ ಜ್ಞಾನಸ್ನಾನವನ್ನೇ ಪಡೆದವರಲ್ಲ. ಆ ಹಾಳೆಯಲ್ಲಿ ಅವರಿಗೆ ಒಂದು ಸಾಲೂ ದಕ್ಕಲಿಲ್ಲ.

ಹಾಗಾದರೆ ಕತೆಯನ್ನು ಹೇಗೆ ಹೇಳಬೇಕು? ಇದಕ್ಕೆ ಹೊರಗಿನ ಮಾದರಿಯೊಂದಿದೆ. ನಾಲ್ಕನೆಯ ಶತಮಾನದ ಕೊನೆಯಲ್ಲಿ, ಸುಮಾರು 381ರಿಂದ 384ರವರೆಗೆ, ಎಗೇರಿಯಾ ಎಂಬ ಹೆಂಗಸು ಪಶ್ಚಿಮ ಯೂರೋಪಿನಿಂದ ಹೊರಟು ಪವಿತ್ರ ನಾಡನ್ನೆಲ್ಲ ಸುತ್ತಿದಳು. ಊರಿನಲ್ಲಿದ್ದ ತನ್ನ ‘ಸಹೋದರಿ’ಯರಿಗೆ ಕಂಡದ್ದನ್ನೆಲ್ಲ ಬರೆದಳು. ಆ ಬರಹದ ಹಸ್ತಪ್ರತಿ 1884ರಲ್ಲಿ ಇಟಲಿಯ ಅರೆಟ್ಸೋ ಪಟ್ಟಣದಲ್ಲಿ ಸಿಕ್ಕಿತು. ಮೊದಲ ಪುಟಗಳೂ ಕೊನೆಯ ಪುಟಗಳೂ ಹೋಗಿವೆ. ಉಳಿದಷ್ಟೇ ಸಾಕು, ಅವಳೊಬ್ಬ ಸೊಗಸಾದ ಲೇಖಕಿ ಎಂದು ತಿಳಿಯಲು. ಸಿನಾಯಿ ಬೆಟ್ಟವನ್ನು ನಡೆದೇ ಹತ್ತುತ್ತಾಳೆ. ಯಾವ ಸ್ಥಳಕ್ಕೆ ಹೋದರೂ ಅವಳದೊಂದು ಕ್ರಮವಿದೆ: ಪ್ರಾರ್ಥನೆ, ಆ ಸ್ಥಳಕ್ಕೆ ಸಂಬಂಧಪಟ್ಟ ಬೈಬಲಿನ ಭಾಗವನ್ನು ಅಲ್ಲೇ ನಿಂತು ಓದುವುದು, ಒಂದು ಕೀರ್ತನೆ, ಮತ್ತೆ ಪ್ರಾರ್ಥನೆ. ಅಂದರೆ ಸ್ಥಳ ಮತ್ತು ಪಠ್ಯವನ್ನು ಅವಳು ಒಂದಕ್ಕೊಂದು ತಾಗಿಸುತ್ತಾಳೆ. ಮೂವತ್ತು ವರ್ಷ ಪಾಠ ಹೇಳಿದ ನನಗೆ ಇದು ತಟ್ಟನೆ ಹಿಡಿಸಿತು. ‘ದೇಶ ಸುತ್ತು, ಕೋಶ ಓದು’ ಎಂಬ ನಮ್ಮ ಗಾದೆಯನ್ನು ಎರಡು ಬೇರೆ ಕೆಲಸ ಎಂದು ತಿಳಿದಿದ್ದೇವೆ. ಎಗೇರಿಯಾ ಎರಡನ್ನೂ ಒಟ್ಟಿಗೆ ಮಾಡಿದಳು.

ಅವಳು ತಮಾಷೆಯನ್ನೂ ಬಿಡುವುದಿಲ್ಲ. ಜೆರುಸಲೇಮಿನಲ್ಲಿ ಶುಭ ಶುಕ್ರವಾರ ಪವಿತ್ರ ಶಿಲುಬೆಯ ಮರಕ್ಕೆ ಜನ ಮುತ್ತಿಡುವಾಗ ಸುತ್ತ ಧರ್ಮಸೇವಕರು ಕಾವಲು ನಿಲ್ಲುತ್ತಾರಂತೆ. ಯಾಕೆಂದರೆ ಹಿಂದೊಮ್ಮೆ ಯಾರೋ ಭಕ್ತ ಮುತ್ತಿಡುವ ನೆಪದಲ್ಲಿ ಒಂದು ತುಂಡನ್ನು ಕಚ್ಚಿಕೊಂಡು ಹೋಗಿದ್ದನಂತೆ! ಕ್ಷೇತ್ರದಿಂದ ಏನಾದರೂ ಮನೆಗೆ ಒಯ್ಯಲೇಬೇಕೆಂಬ ಹಂಬಲ ಅಂದಿನದೇ.

ನಮ್ಮ ಬಸ್ಸಿನಲ್ಲಿ ಇಂಥ ಓದು ನಡೆಯಲಿಲ್ಲವಾದರೂ ಒಂದು ಒಳ್ಳೆಯ ಕೆಲಸ ನಡೆಯಿತು. ಜಪಸರದ ಐದು ಹತ್ತುಗಳನ್ನು ಐದು ಭಾಷೆಗಳಿಗೆ ಹಂಚಿದರು: ಕನ್ನಡ, ತಮಿಳು, ಕೊಂಕಣಿ, ಮಲಯಾಳಂ, ಇಂಗ್ಲಿಷ್. ಇದು ಸಣ್ಣ ವಿಷಯವಲ್ಲ. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆ ಲತೀನಿನ ಜಾಗದಲ್ಲಿ ಜನರ ಭಾಷೆಯಲ್ಲಿ ಪೂಜೆ ನಡೆಸಲು ದಾರಿ ಮಾಡಿದ ಮೇಲೆ, ‘ಜನರ ಭಾಷೆ ಯಾವುದು’ ಎಂಬ ಪ್ರಶ್ನೆ ಬೆಂಗಳೂರಿನ ಚರ್ಚುಗಳಲ್ಲಿ ಎಷ್ಟು ಮನಸ್ಸುಗಳನ್ನು ಮುರಿದಿದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕನ್ನಡದ ನೆಲದಲ್ಲಿ ಕನ್ನಡದ ಪೂಜೆಗಾಗಿ ಕೇಳಿಕೊಳ್ಳಬೇಕಾದ ಸ್ಥಿತಿಯನ್ನು ನಾನೂ ಕಂಡವಳು. ಆ ವಿಷಯದಲ್ಲಿ ನನಗೆ ರಾಜಿಯಿಲ್ಲ. ಆದರೆ ಬಸ್ಸಿನಲ್ಲಿ ಒಬ್ಬ ತಮಿಳು ಅಜ್ಜಿ ಕನ್ನಡದ ‘ನಮೋ ಮರಿಯ’ಕ್ಕೆ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದರು. ಒಂದು ಮಣಿಯೂ ತಪ್ಪಲಿಲ್ಲ.

ಎಗೇರಿಯಾ ಕಂಡ ಜೆರುಸಲೇಮಿನಲ್ಲೂ ಹೀಗೆಯೇ ಇತ್ತು. ಬಿಷಪ್ಪರು ಗ್ರೀಕಿನಲ್ಲಿ ಉಪದೇಶಿಸುತ್ತಿದ್ದರು. ಒಬ್ಬ ಗುರು ಪಕ್ಕದಲ್ಲಿ ನಿಂತು ಅದನ್ನು ಸ್ಥಳೀಯರ ಸಿರಿಯಾಕ್ ಭಾಷೆಗೆ ತಿರುಗಿಸುತ್ತಿದ್ದರು. ಇವೆರಡೂ ಬಾರದ ಲತೀನಿನವರಿಗೆ ಎರಡು ಭಾಷೆ ಬಲ್ಲ ಸಹೋದರ ಸಹೋದರಿಯರು ವಿವರಿಸುತ್ತಿದ್ದರು. ಸಾವಿರದ ಆರುನೂರು ವರ್ಷಗಳ ಹಿಂದೆ ಆಡಳಿತದ ಭಾಷೆ, ಮಣ್ಣಿನ ಭಾಷೆ, ಬಂದವರ ಭಾಷೆ ಮೂರಕ್ಕೂ ಅಲ್ಲಿ ಜಾಗವಿತ್ತು. ಈ ಒಂದು ಅಂಶದಲ್ಲಿ ನಮ್ಮ ಬಸ್ಸಿಗೆ ಪೂರ್ಣ ಅಂಕ ಕೊಡುತ್ತೇನೆ.

ಹೆಂಗಸರ ಯಾತ್ರೆಯ ಮೇಲೆ ಇನ್ನೊಂದು ಮಾತು. ಎಗೇರಿಯಾ ಇದ್ದ ಕಾಲದಲ್ಲಿಯೇ ನಿಸ್ಸಾದ ಗ್ರೆಗರಿ ಎಂಬ ದೊಡ್ಡ ಧರ್ಮಪಂಡಿತರಿದ್ದರು. ಜೆರುಸಲೇಮ್ ಯಾತ್ರೆಯನ್ನು ಅವರು ಒಪ್ಪಲಿಲ್ಲ. ಜಾಗ ಬದಲಾಯಿಸಿದ ಮಾತ್ರಕ್ಕೆ ದೇವರು ಹತ್ತಿರವಾಗುವುದಿಲ್ಲ ಎಂದು ಪತ್ರವೊಂದರಲ್ಲಿ ಬರೆದರು. ಇದು ಒಪ್ಪತಕ್ಕ ಮಾತೇ. ನಮ್ಮ ದಾಸರೂ ಶರಣರೂ ಇದನ್ನೇ ಹೇಳಿದ್ದಾರೆ. ಆದರೆ ಗ್ರೆಗರಿಯವರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಹೆಂಗಸಿಗೆ ಇಂಥ ಪ್ರಯಾಣ ತರವಲ್ಲ, ವಾಹನದ ಪ್ರಾಣಿಯ ಮೇಲೆ ಹತ್ತಿಸಿ ಇಳಿಸುವುದಕ್ಕೂ ಅವಳಿಗೆ ಜೊತೆಯೊಬ್ಬ ಬೇಕು, ಅದರಿಂದ ಮರ್ಯಾದೆಗೆ ಕುಂದು ಎಂದೂ ಸೇರಿಸಿದರು. ಅದೇ ಹೊತ್ತಿನಲ್ಲಿ ಎಗೇರಿಯಾ ಸಿನಾಯಿಯ ತುದಿಯಲ್ಲಿ ನಿಂತಿದ್ದಳೋ ಏನೋ!

ಈ ಯಾತ್ರೆಯಲ್ಲಿ ನಾವು ನಲವತ್ತೆಂಟು ಜನರಿದ್ದೆವು, ಅದರಲ್ಲಿ ಮೂವತ್ತೊಂದು ಹೆಂಗಸರು. ಹೊರಡುವ ದಿನ ಎರಡು ಗಂಟೆಗೆದ್ದು ಪುಳಿಯೋಗರೆ ಕಲಸಿದವರು ಹೆಂಗಸರು. ಮೈಕು ಹಿಡಿದು ಪ್ರಾರ್ಥನೆ ನಡೆಸಿದವರು, ಎಲ್ಲಿ ಎಷ್ಟು ಹೊತ್ತು ಎಂದು ತೀರ್ಮಾನಿಸಿದವರು ಗಂಡಸರು. ಇಂದಿಗೂ ನಮ್ಮನ್ನು ಹತ್ತಿಸಿ ಇಳಿಸುವ ಕೆಲಸ ಅವರ ಕೈಯಲ್ಲಿಯೇ ಇದೆ. ಆದರೂ ಹೆಂಗಸರು ಇಷ್ಟು ಸಂಖ್ಯೆಯಲ್ಲಿ ಏಕೆ ಬರುತ್ತಾರೆ? ನನ್ನ ಪಕ್ಕದಲ್ಲಿ ಕೂತವರೊಬ್ಬರು ಹೇಳಿದ ಉತ್ತರ ಸಾಕು: “ಟೀಚರಮ್ಮ, ಸಿನಿಮಾಕ್ಕೆ ಅಂದ್ರೆ ಮನೇಲಿ ಬಿಡಲ್ಲ, ತೌರಿಗೆ ಅಂದ್ರೆ ನೂರು ಪ್ರಶ್ನೆ. ದೇವರ ಹೆಸರು ಹೇಳಿದ್ರೆ ನಾಲ್ಕು ದಿನ ಯಾರೂ ಕೇಳಲ್ಲ.” ಭಕ್ತಿಯ ಜೊತೆಗೆ ಬಿಡುವೂ ಇದೆ, ಅದರಲ್ಲಿ ತಪ್ಪೇನಿಲ್ಲ. ಸಾಮೂಹಿಕ ಯಾತ್ರೆಯನ್ನು ಸಾರಾಸಗಟಾಗಿ ಬೈಯುವವರು ಈ ಮಾತನ್ನು ಮರೆಯಬಾರದು. ಬಸ್ಸಿಲ್ಲದಿದ್ದರೆ ಆ ಮೂವತ್ತೊಂದು ಜನರಲ್ಲಿ ಬಹುತೇಕರು ಹೊಸ್ತಿಲು ದಾಟುತ್ತಿರಲಿಲ್ಲ.

ಹೊಸ್ತಿಲು ದಾಟಿದವರಿಗೆ ದೊರೆತದ್ದೇನು ಎಂಬುದೇ ನನ್ನ ಎರಡನೆಯ ಆಕ್ಷೇಪಣೆ. ನಾನು ಗಡಿಯಾರ ನೋಡಿ ಲೆಕ್ಕವಿಟ್ಟೆ. ನಾಲ್ಕು ದಿನದಲ್ಲಿ ಆರು ಕ್ಷೇತ್ರಗಳ ಒಳಗೆ ನಾವು ಕಳೆದದ್ದು ಒಟ್ಟು ಆರು ಗಂಟೆಗೂ ಕಡಿಮೆ. ಬಸ್ಸಿನಲ್ಲಿ ಕಳೆದದ್ದು ಮೂವತ್ತು ಗಂಟೆಗೂ ಹೆಚ್ಚು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಲಯದ ಗೋಡೆ ಮತ್ತು ಛಾವಣಿಗೆ ಇಟಲಿಯ ಬ್ರದರ್ ಮೊಸ್ಕೇನಿಯವರು 1899ರಿಂದ ಎರಡು ವರ್ಷಕ್ಕೂ ಮಿಕ್ಕಿ ಕೂತು ಚಿತ್ರ ಬರೆದರು. ಅದನ್ನು ನಾವು ಇಪ್ಪತ್ತೈದು ನಿಮಿಷದಲ್ಲಿ ನೋಡಿ ಮುಗಿಸಿದೆವು. ಮೈಸೂರಿನಲ್ಲಿ ಸೀರೆ ಅಂಗಡಿಗೆ ಒಂದೂವರೆ ಗಂಟೆ ಸಿಕ್ಕಿತು.

ನಮ್ಮ ಜೊತೆ ಗಾರ್ಮೆಂಟ್ಸಿನಲ್ಲಿ ಕೆಲಸ ಮಾಡುವ ಒಬ್ಬ ತಾಯಿ ಇದ್ದರು. ಚೀಟಿ ಹಾಕಿ ದುಡ್ಡು ಕೂಡಿಸಿ ಬಂದವರು. ಅವರ ಮಗ ಮನೆ ಬಿಟ್ಟು ಹೋಗಿ ಮೂರು ವರ್ಷವಾಗಿತ್ತು, ಒಂದು ಫೋನೂ ಇಲ್ಲ. ಕಳೆದದ್ದನ್ನು ಹುಡುಕಿಕೊಡುವವರು ಸಂತ ಅಂತೋಣಿ ಎಂಬುದು ಕಥೋಲಿಕ ಕ್ರೈಸ್ತರ ನಂಬಿಕೆ. ಈ ತಾಯಿ ಬಂದದ್ದು ಆರು ಕ್ಷೇತ್ರಕ್ಕಲ್ಲ, ಡೋರ್ನಹಳ್ಳಿಯೊಂದಕ್ಕೆ. ಅದು ಕೊನೆಯ ದಿನದ ಕೊನೆಯ ಸ್ಥಳ. ಹೊತ್ತಾಗಿತ್ತು, ಬೆಂಗಳೂರು ಸೇರಬೇಕು ಎಂದು ನಮಗೆ ಕೊಟ್ಟದ್ದು ಇಪ್ಪತ್ತು ನಿಮಿಷ. ಸಾಲು ಉದ್ದವಿತ್ತು. ಅವರು ಮೂರ್ತಿಯ ಮುಂದೆ ಮಂಡಿಯೂರುವಷ್ಟರಲ್ಲಿ ಹೊರಗೆ ಬಸ್ಸಿನ ಹಾರನ್ನು ಕೇಳಿಸಿತು. ಎದ್ದು ಬಂದುಬಿಟ್ಟರು. ಸೀಟಿನಲ್ಲಿ ಕೂತ ಮೇಲೆ, “ಹೆಸರು ಹೇಳಿದೆ, ಯಾವೂರಿನಲ್ಲಿ ಹುಡುಕಬೇಕು ಅಂತ ಹೇಳೋದ್ರೊಳಗೆ ಕರೆದ್ರು” ಎಂದರು. ಬೈದು ಹೇಳಲಿಲ್ಲ, ಸುಮ್ಮನೆ ಹೇಳಿದರು. ಯಾತ್ರೆ ಏರ್ಪಡಿಸಿದವರು ಕೆಟ್ಟವರಲ್ಲ. ಆರು ಕ್ಷೇತ್ರ ತೋರಿಸುತ್ತೇವೆಂದು ಮಾತು ಕೊಟ್ಟಿದ್ದರು, ತೋರಿಸಿದರು. ದೋಷವಿರುವುದು ಆ ಮಾತಿನಲ್ಲಿಯೇ.

ಸ್ಥಾವರ, ಜಂಗಮ ಎಂಬ ಎರಡು ಪದಗಳನ್ನು ಹನ್ನೆರಡನೆಯ ಶತಮಾನದ ಶರಣರು ಕನ್ನಡಕ್ಕೆ ಒರೆಗಲ್ಲಿನಂತೆ ಕೊಟ್ಟು ಹೋಗಿದ್ದಾರೆ. ಯಾವ ಮತದವರೂ ಅದರ ಮೇಲೆ ತಮ್ಮದನ್ನು ಉಜ್ಜಿ ನೋಡಿಕೊಳ್ಳಬಹುದು. ಯಾತ್ರಿಕ ಎಂದರೆ ಜಂಗಮ ಎಂದು ನಾವು ಸುಲಭವಾಗಿ ಹೇಳಿಬಿ‍ಡುತ್ತೇವೆ. ಆದರೆ ಬಸ್ಸಿನ ಯಾತ್ರಿಕನ ಸೀಟು ಗೊತ್ತಾದದ್ದು, ನೆರೆಯವರು ಗೊತ್ತಾದವರು, ಊಟ ಮನೆಯದೇ. ತಿರುಗುವುದು ಚಕ್ರ ಮಾತ್ರ. ಒಂದು ಸ್ಥಾವರವೇ ಇನ್ನೊಂದು ಸ್ಥಾವರವನ್ನು ನೋಡಿಕೊಂಡು ಬಂದ ಹಾಗೆ.

ನಡೆದು ಹೋದವರಿಗೆ ದಾರಿಯಲ್ಲಿ ಯಾರಾದರೂ ನೀರು ಕೊಡಬೇಕಾಗುತ್ತದೆ, ಜಗುಲಿಯ ಮೇಲೆ ಮಲಗಲು ಬಿಡಬೇಕಾಗುತ್ತದೆ. ಆ ಕೊಡು–ಕೊಳ್ಳುವಿಕೆಯಲ್ಲಿ ಯಾತ್ರೆಯ ಅರ್ಧ ಪುಣ್ಯವಿದೆ. ಹಲವು ವರ್ಷದ ಹಿಂದೆ ಜನವರಿಯ ಅತ್ತೂರು ಜಾತ್ರೆಗೆ ಸಹೋದ್ಯೋಗಿಯೊಬ್ಬರ ಮನೆಗೆ ನೆಂಟಳಾಗಿ ಹೋಗಿದ್ದೆ. ಅವರು ಹಿಂದೂಗಳು. ಅವರ ಅತ್ತೆ ಪ್ರತಿ ವರ್ಷ ಸಂತ ಲಾರೆನ್ಸರಿಗೆ ಮೇಣದ ಬತ್ತಿ ಹಚ್ಚುವವರು. ಯಾಕೆ ಎಂದು ಕೇಳಿದರೆ, “ನಮ್ಮೂರ ದೇವರಲ್ವಾ” ಎಂದರು. ಅದಕ್ಕಿಂತ ಹೆಚ್ಚಿನ ವ್ಯಾಖ್ಯಾನ ಅವರಿಗೆ ಬೇಕಿರಲಿಲ್ಲ. ಬಸ್ಸಿನಲ್ಲಿ ಅದೇ ಅತ್ತೂರಿಗೆ ಹೋದಾಗ ನಾವು ಆ ಊರಿನ ಒಬ್ಬರ ಜೊತೆಗೂ ಮಾತಾಡಲಿಲ್ಲ. ಕಟ್ಟಡ ಅದೇ ಇತ್ತು, ಊರು ಮಾತ್ರ ನಮಗೆ ದಕ್ಕಲಿಲ್ಲ. ಲಾರೆನ್ಸರ ಕತೆಯನ್ನಾದರೂ ಅಲ್ಲಿ ನೆನೆಯಬಹುದಿತ್ತು. ಚರ್ಚಿನ ಸಂಪತ್ತನ್ನು ತಂದೊಪ್ಪಿಸು ಎಂದು ರೋಮಿನ ಅಧಿಕಾರಿ ಆಜ್ಞೆ ಮಾಡಿದಾಗ, ಅವರು ಊರಿನ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆತಂದು ನಿಲ್ಲಿಸಿ ಇವರೇ ನಮ್ಮ ಸಂಪತ್ತು ಎಂದರಂತೆ. ಜಂಗಮವೆಂದರೆ ಯಾರು ಎಂಬುದಕ್ಕೆ ಇಷ್ಟು ನೇರವಾದ ಉತ್ತರ ಬೇರೆ ಎಲ್ಲಿದೆ?

ಸ್ಥಾವರದ ಗತಿ ಏನು ಎಂಬುದನ್ನು ಹಾಸನದ ಶೆಟ್ಟಿಹಳ್ಳಿಯಲ್ಲಿ ಕಣ್ಣಾರೆ ಕಾಣಬಹುದು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಅದು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಜನ ಊರು ಬಿಟ್ಟರು. ಮಳೆಗಾಲದಲ್ಲಿ ಜಲಾಶಯ ತುಂಬಿದರೆ ಕಟ್ಟಡ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಮೇಲೇಳುತ್ತದೆ. ನಾವು ಹೋದದ್ದು ಏಪ್ರಿಲ್. ಒಣಗಿ ಬಿರಿದ ಮಣ್ಣಿನ ನಡುವೆ ಛಾವಣಿಯಿಲ್ಲದ ಕಮಾನುಗಳು ನಿಂತಿದ್ದವು. ಎಲ್ಲರೂ ಮೊಬೈಲು ತೆಗೆದರು. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳಲು ಬಂದ ಜೋಡಿಯೊಂದೂ ಅಲ್ಲಿತ್ತು. ನಮ್ಮ ಹಾಳೆಯಲ್ಲಿ ‘ತೇಲುವ ಚರ್ಚು’ ಎಂದು ಅಚ್ಚಾಗಿತ್ತು. ಅದು ತೇಲುವುದಿಲ್ಲ, ಮುಳುಗುತ್ತದೆ. ಮುಳುಗುವುದನ್ನು ತೇಲುವುದೆಂದು ಕರೆಯುವುದು ಪ್ರವಾಸದ ಭಾಷೆ, ಯಾತ್ರೆಯ ಭಾಷೆಯಲ್ಲ.

2025ರ ಜನವರಿಯಲ್ಲಿ ನಮ್ಮನ್ನಗಲಿದ ನಾ. ಡಿಸೋಜರು ‘ಮುಳುಗಡೆ’, ‘ದ್ವೀಪ’ಗಳಲ್ಲಿ ಶರಾವತಿಯ ನೀರಿನಡಿ ಹೋದ ಬದುಕನ್ನು ಬರೆದರು. ಅವರೂ ಕ್ರೈಸ್ತರೇ, ‘ಇಗರ್ಜಿಯ ಸುತ್ತಲಿನ ಹತ್ತು ಮನೆಗಳು’ ಎಂಬ ಕಾದಂಬರಿ ಬರೆದವರು. ಆ ಹೆಸರಿನಲ್ಲೇ ಒಂದು ಪಾಠವಿದೆ. ಇಗರ್ಜಿ ಒಂದು, ಅದರ ಸುತ್ತ ಮನೆಗಳು ಹತ್ತು. ಹಾಸನದ ಶೆಟ್ಟಿಹಳ್ಳಿಯಲ್ಲಿ ಇಗರ್ಜಿಯ ಗೋಡೆ ಉಳಿದಿದೆ, ಮನೆಗಳು ಹೋದವು. ಆ ಮನೆಗಳವರು ಎಲ್ಲಿಗೆ ಹೋದರು, ಈಗೆಲ್ಲಿ ಪೂಜೆಗೆ ಕೂಡುತ್ತಾರೆ, ತಮ್ಮ ಹಿರಿಯರ ಸಮಾಧಿಗಳನ್ನು ನೆನೆದು ಏನು ಹೇಳುತ್ತಾರೆ ಎಂದು ಕೇಳುವುದೇ ಅಲ್ಲಿ ಮಾಡಬೇಕಾದ ಯಾತ್ರೆ. ನಮ್ಮ ಬಸ್ಸಿನಲ್ಲಿ ಹಾಸನದ ಕಡೆಯ ಇಬ್ಬರು ಹಿರಿಯರಿದ್ದರು. ಅವರನ್ನು ಮಾತಾಡಿಸಿ ಎಂದು ಯಾರೂ ಮೈಕು ಕೊಡಲಿಲ್ಲ.

ಮೈಸೂರಿನ ಸಂತ ಫಿಲೋಮಿನಾ ದೇವಾಲಯ ಇದಕ್ಕೆ ವಿರುದ್ಧವಾದ ಉದಾಹರಣೆ. ಆಕೆಯ ಮೂಳೆಗಳೆಂದು ನಂಬಲಾದವು 1802ರಲ್ಲಿ ರೋಮಿನ ನೆಲದಡಿಯ ಸಮಾಧಿಯಲ್ಲಿ ದೊರೆತವು. ಅವಶೇಷದ ಒಂದು ತುಣುಕನ್ನು ಮೈಸೂರಿಗೆ ತರಿಸಿದವರು ಅರಮನೆಯಲ್ಲಿ ಅಧಿಕಾರಿಯಾಗಿದ್ದ ತಂಬುಚೆಟ್ಟಿಯವರು. ದೇವಾಲಯಕ್ಕೆ 1933ರಲ್ಲಿ ಅಸ್ತಿಭಾರ ಹಾಕಿದವರು ನಾಲ್ವಡಿ ಕೃಷ್ಣರಾಜ ಒಡೆಯರು. ಚರಿತ್ರೆಯ ಆಧಾರ ಸಾಲದೆಂದು 1961ರಲ್ಲಿ ರೋಮು ಆಕೆಯ ಹೆಸರನ್ನು ಪೂಜೆಯ ಪಂಚಾಂಗದಿಂದ ತೆಗೆಸಿತು. ಆದರೆ ಮೈಸೂರಿನ ಜನ ಆಕೆಯನ್ನು ಬಿಡಲಿಲ್ಲ. ನೆಲಮಾಳಿಗೆಯ ಮುಂದೆ ಇಂದಿಗೂ ಸಾಲು ನಿಲ್ಲುತ್ತದೆ. ಒಂದು ಕಡೆ ಮನೆಗಳು ಹೋಗಿ ಗೋಡೆ ಉಳಿಯಿತು, ಇನ್ನೊಂದು ಕಡೆ ಪಂಚಾಂಗದಿಂದ ಹೆಸರು ಹೋದರೂ ಜನ ಉಳಿದರು. ಕ್ಷೇತ್ರವನ್ನು ಕ್ಷೇತ್ರವಾಗಿಸುವುದು ಯಾವುದು ಎಂಬುದಕ್ಕೆ ಈ ಎರಡನ್ನು ಎದುರುಬದುರು ಇಟ್ಟು ನೋಡಿದರೆ ಸಾಕು.

ಈಚೆಗೆ ನಮ್ಮ ಕಡೆ ಪವಿತ್ರ ನಾಡಿನ ಪ್ರವಾಸದ ಜಾಹೀರಾತುಗಳೂ ಬರುತ್ತಿವೆ. ಹತ್ತು ದಿನದಲ್ಲಿ ಮೂರು ದೇಶ. ಸಾಲ ಮಾಡಿ ಹೋದವರನ್ನೂ ಬಲ್ಲೆ. ಹೋಗಬೇಡಿ ಎನ್ನಲಾರೆ. ಆದರೆ ಅಲ್ಲಿಯೂ ಕಲ್ಲು ನೋಡಿ ಬರುವುದೇ ಆದರೆ ನಷ್ಟ ದೊಡ್ಡದು. ಯೇಸುವಿನ ಸಮಾಧಿಯ ದೇವಾಲಯವನ್ನು ಆರು ಕ್ರೈಸ್ತ ಪಂಗಡಗಳು ಜಗಳವಾಡುತ್ತಲೇ ಹಂಚಿಕೊಂಡಿವೆ, ಬಾಗಿಲ ಬೀಗದ ಕೈ ತಲೆತಲಾಂತರದಿಂದ ಮುಸ್ಲಿಂ ಮನೆತನದವರಲ್ಲಿದೆ. ಬೆತ್ಲೆಹೇಮಿನಲ್ಲಿ ಅರಬ್ಬಿ ಮಾತಾಡುವ ಪುರಾತನ ಕ್ರೈಸ್ತರಿದ್ದಾರೆ. 2023ರಲ್ಲಿ ಗಾಜಾದ ಯುದ್ಧದಿಂದಾಗಿ ಅವರು ಕ್ರಿಸ್ಮಸ್ಸಿನ ಸಂಭ್ರಮವನ್ನೇ ಕೈಬಿಟ್ಟರು. ಹೋಗಿ ಬಂದ ನಮ್ಮವರು ದನದ ಕೊಟ್ಟಿಗೆಯ ಜಾಗ ನೋಡಿದ್ದನ್ನು ಹೇಳುತ್ತಾರೆ. ಆ ಊರಿನ ಕ್ರೈಸ್ತರೊಬ್ಬರ ಮನೆಯಲ್ಲಿ ನೀರು ಕುಡಿದದ್ದನ್ನು ಹೇಳಿದವರು ನನಗೆ ಸಿಕ್ಕಿಲ್ಲ.

ಹೋಗಲಾಗದವರಿಗೆ ಹಿಂದಿನವರು ಒಂದು ಉಪಾಯ ಮಾಡಿಟ್ಟಿದ್ದಾರೆ. ಕಥೋಲಿಕ ಚರ್ಚುಗಳ ಗೋಡೆಯ ಮೇಲೆ ಇರುವ ಶಿಲುಬೆಯ ಹಾದಿಯ ಹದಿನಾಲ್ಕು ಚಿತ್ರಗಳು ಜೆರುಸಲೇಮಿಗೆ ಹೋಗಲಾಗದವರಿಗಾಗಿ ಫ್ರಾನ್ಸಿಸ್ಕನ್ ಸನ್ಯಾಸಿಗಳು ಹರಡಿದ ಭಕ್ತಿ. 1731ರಲ್ಲಿ ಪೋಪರು ಅದರ ಸಂಖ್ಯೆಯನ್ನು ಹದಿನಾಲ್ಕೆಂದು ಗೊತ್ತುಮಾಡಿದರು. ಜೆರುಸಲೇಮನ್ನೇ ಊರಿಗೆ ಕರೆತಂದ ಹಾಗಾಯಿತು. ಮಂಜೇಶ್ವರದಲ್ಲಿದ್ದುಕೊಂಡು ಗೋವಿಂದ ಪೈಗಳು ‘ಗೊಲ್ಗೊಥಾ’ ಬರೆದದ್ದೂ ಇಂಥದೇ ಯಾತ್ರೆ. ಅವರು ಕ್ರೈಸ್ತರಲ್ಲ, ಆದರೂ ಆ ಬೆಟ್ಟವನ್ನು ಕನ್ನಡದೊಳಗೆ ಹತ್ತಿದರು. ಬನಿಯನ್ನನ ಪುಸ್ತಕ ‘ಯಾತ್ರಿಕನ ಸಂಚಾರ’ ಎಂಬ ಹೆಸರಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲೇ ಕನ್ನಡಕ್ಕೆ ಬಂತು. ಬನಿಯನ್ ಜೈಲುವಾಸ ಮಾಡಿದವನು. ಹೊರಗೆ ಹೋಗಲಾಗದವನೇ ಜಗತ್ತಿನ ಹೆಸರಾದ ಯಾತ್ರೆಯ ಪುಸ್ತಕ ಬರೆದ.

ಹಾಗಾದರೆ ಏನು ಮಾಡಬೇಕು? ಟೀಕೆ ಮಾಡಿ ಸುಮ್ಮನಾಗುವುದು ನನ್ನ ವೃತ್ತಿಗೆ ಒಗ್ಗುವುದಿಲ್ಲ. ತಪ್ಪಿಗೆ ಕೆಂಪು ಗೆರೆ ಎಳೆದ ಮೇಲೆ ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಬೇಕು. ನಾಲ್ಕು ದಿನಕ್ಕೆ ಆರು ಬೇಡ, ಎರಡು ಕ್ಷೇತ್ರ ಸಾಕು. ಒಂದು ಕಡೆ ರಾತ್ರಿ ಉಳಿಯಬೇಕು, ಸಾಧ್ಯವಿದ್ದಲ್ಲಿ ಆ ಊರಿನವರ ಮನೆಗಳಲ್ಲಿ. ಆ ಸ್ಥಳದ ಕತೆಯನ್ನು ಅಲ್ಲಿಯೇ ನಿಂತು, ಆ ಊರಿನ ಹಿರಿಯರೊಬ್ಬರ ಬಾಯಲ್ಲಿ, ಅವರ ಕನ್ನಡದಲ್ಲಿ ಕೇಳಬೇಕು. ಕೊನೆಯ ಎರಡು ಕಿಲೋಮೀಟರು ನಡೆಯಬಲ್ಲವರು ನಡೆಯಬೇಕು. ವೇಳಾಪಟ್ಟಿ ಮಾಡುವಾಗ ಹೆಂಗಸರನ್ನು ಕೂರಿಸಿಕೊಂಡು, ಯಾರ ಹರಕೆ ಎಲ್ಲಿಯದು ಎಂದು ಮೊದಲೇ ಕೇಳಿ, ಹರಕೆ ಹೆಚ್ಚಿರುವ ಕಡೆ ಹೆಚ್ಚು ಹೊತ್ತು ಇಡಬೇಕು. ಇದಕ್ಕೆಲ್ಲ ಹೆಚ್ಚಿನ ದುಡ್ಡು ಬೇಕಿಲ್ಲ. ಡೀಸೆಲ್ಲಿನ ಖರ್ಚು ಉಳಿದೀತು.

ಈಗಿನ ರೂಪದಲ್ಲಿ ನಮ್ಮ ಸಾಮೂಹಿಕ ಯಾತ್ರೆ ಒಳ್ಳೆಯ ವಸ್ತುವನ್ನು ಅವಸರದಲ್ಲಿ ಹಾಳುಮಾಡಿಕೊಂಡ ಕೃತಿ. ಜನರನ್ನು ಕೂಡಿಸುವುದರಲ್ಲಿ, ಭಾಷೆಗಳನ್ನು ಹೊಂದಿಸುವುದರಲ್ಲಿ, ಹೆಂಗಸರನ್ನು ಹೊರಗೆ ಕರೆತರುವುದರಲ್ಲಿ ಅದು ಗೆದ್ದಿದೆ. ಬಂದವರನ್ನು ಒಂದು ಕಡೆ ನಿಲ್ಲಿಸುವುದರಲ್ಲಿ ಸೋತಿದೆ. ದೇವರ ಮುಂದೆ ನಿಂತ ಮನುಷ್ಯನಿಗೆ ಮಾತು ಮುಗಿಸುವಷ್ಟು ಹೊತ್ತು ಕೊಡದ ಯಾತ್ರೆ ಎಷ್ಟು ದೂರ ಹೋದರೂ ಹತ್ತಿರವೇ ಉಳಿಯುತ್ತದೆ. ಅಷ್ಟು ಹೊತ್ತು ಸಿಕ್ಕರೆ ನಮ್ಮ ಶೆಟ್ಟಿಹಳ್ಳಿಯಿಂದ ಶಿವಾಜಿನಗರಕ್ಕೆ ನಡೆದು ಹೋಗುವ ಹದಿನೈದು ಕಿಲೋಮೀಟರಿಗೂ ಮಿಕ್ಕ ದಾರಿ ಜೆರುಸಲೇಮಿನ ದಾರಿಗೆ ಯಾವ ಲೆಕ್ಕದಲ್ಲೂ ಕಡಿಮೆಯಲ್ಲ.